ನಕ್ಷತ್ರ ವೀಕ್ಷಣೆಗೆ ದೊಡ್ಡ ಬೈನಾಕ್ಯುಲರ್: ಖರೀದಿಗೂ ಮುನ್ನ ಇದು ಗೊತ್ತಿರಲಿ

ಬೈನಾಕ್ಯುಲರ್ ಮೇಲೆ 15×70 ಎಂದಿದ್ದರೆ, ದೃಶ್ಯ 15 ಪಟ್ಟು ಹಿಗ್ಗಿ ಕಾಣುತ್ತದೆ, ಮುಂದಿನ ಮಸೂರದ ವ್ಯಾಸ 70 ಮಿ.ಮೀ. ಎಂದರ್ಥ. ಇದು 50 ಮಿ.ಮೀ. ಮಸೂರಕ್ಕಿಂತ ಸುಮಾರು ಎರಡು ಪಟ್ಟು ಬೆಳಕು ಸಂಗ್ರಹಿಸುವುದರಿಂದ ಕೃತ್ತಿಕಾ ಪುಂಜದ ಮಂದ ನಕ್ಷತ್ರಗಳೂ ಗೋಚರಿಸುತ್ತವೆ.

ಆದರೆ ತೂಕ ಒಂದು ಕೆ.ಜಿ.ಗೂ ಹೆಚ್ಚು. ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುವುದರಿಂದ ಟ್ರೈಪಾಡ್ ಇಲ್ಲದೆ ದೃಶ್ಯ ಸ್ಥಿರವಾಗಿ ನಿಲ್ಲದು. ಟ್ರೈಪಾಡ್‌ಗೆ ಬಜೆಟ್ ಇಲ್ಲದಿದ್ದರೆ 10×50 ಕೊಳ್ಳುವುದೇ ಜಾಣತನ. ಗೋಡೆಗೆ ಒರಗಿ ಹಿಡಿದರೆ ಗುರುಗ್ರಹದ ನಾಲ್ಕು ದೊಡ್ಡ ಚಂದ್ರರನ್ನು ಅದರಲ್ಲೇ ನೋಡಬಹುದು. ಶನಿಯ ಉಂಗುರ ಮಾತ್ರ 15×70ರಲ್ಲೂ ಸ್ಪಷ್ಟವಾಗಿ ಕಾಣದು. ಅದಕ್ಕೆ ದೂರದರ್ಶಕವೇ ಬೇಕು.

ಮುಂಬೈ, ದೆಹಲಿಯಂಥ ನಗರಗಳ ಬೆಳಕಿನಲ್ಲಿ ಮಸೂರ ದೊಡ್ಡದಾದರೂ ಮಂದ ಗ್ಯಾಲಕ್ಸಿಗಳು ಮಸುಕೇ. ಬೈನಾಕ್ಯುಲರ್ ಯಾವುದೇ ಇರಲಿ, ಸೂರ್ಯನತ್ತ ತಿರುಗಿಸಬೇಡಿ. ಕ್ಷಣದಲ್ಲೇ ದೃಷ್ಟಿ ಹೋಗಬಹುದು.