ತಂತಿಯ ಬಿಗಿ ಮತ್ತು ಸ್ವರದ ಏರಿಕೆ: ನೀಲಗಾರರ ತಂಬೂರಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ದಕ್ಷಿಣ ಕರ್ನಾಟಕದ ವೃತ್ತಿಗಾಯಕ ಪರಂಪರೆಗಳ ಅಧ್ಯಯನಕ್ಕೆ ಈಗ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಜೀ.ಶಂ. ಪರಮಶಿವಯ್ಯನವರ ಶೋಧದಿಂದ ಮೊದಲ್ಗೊಂಡು, 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ, ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಮಹಾಕಾವ್ಯದವರೆಗೆ ನಡೆದ ಕೆಲಸ ವಿಪುಲವಾದುದು. ಆದರೆ ಈ ಶ್ರಮದ ಹೆಚ್ಚಿನ ಪಾಲು ಪಠ್ಯಕ್ಕೆ ಸಂದಿದೆ. ಗಾಯಕನ ಬಾಯಿಂದ ಬಂದ ಮಾತು ಅಚ್ಚಾಯಿತು. ಅವನ ಹೆಗಲಿಗೊರಗಿದ ತಂಬೂರಿ ‘ಹಿಮ್ಮೇಳ’ ಎಂಬ ಒಂದು ಶಬ್ದದಲ್ಲಿ ಮುಗಿದುಹೋಯಿತು. ತಂತಿಯನ್ನು ಎಷ್ಟು ಬಿಗಿಯಬೇಕು, ಸ್ವರವನ್ನು ಹೇಗೆ ಏರಿಸಬೇಕು ಎಂಬ ತಿಳಿವಳಿಕೆಯೂ ಪರಂಪರೆಯ ಜ್ಞಾನವೇ ಎಂಬುದು ಇಲ್ಲಿನ ನಿಲುವು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ (ಈಚೆಗೆ ಬೇರೆಯಾದ ಸರಗೂರು, ಸಾಲಿಗ್ರಾಮ ತಾಲ್ಲೂಕುಗಳನ್ನೂ ಸೇರಿಸಿಕೊಂಡು) ಮೈಸೂರು ಜಿಲ್ಲೆಯ ಪಶ್ಚಿಮ ಭಾಗ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ಈ ಸೀಮೆಗೆ ಮಂಟೇಸ್ವಾಮಿ ಪರಂಪರೆಯ ಮುಖ್ಯ ನೆಲೆ ಕೃಷ್ಣರಾಜನಗರ ಸೀಮೆಯ ಕಪ್ಪಡಿ. ಕಾವೇರಿಯ ದಂಡೆಯಲ್ಲಿರುವ ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಗದ್ದುಗೆಗಳಲ್ಲಿ ಶಿವರಾತ್ರಿಯ ವೇಳೆಗೆ ಜಾತ್ರೆ ಕಳೆಗಟ್ಟುತ್ತದೆ. ದಲಿತ ಹಾಗೂ ಇತರ ತಳಸಮುದಾಯಗಳಿಂದ ಬಂದು ದೀಕ್ಷೆ ಪಡೆದ ನೀಲಗಾರರು ತಂಬೂರಿ, ಗಗ್ಗರ, ತಾಳ, ದಮ್ಮಡಿಗಳೊಡನೆ ಇಲ್ಲಿ ಇರುಳಿಡೀ ಹಾಡುತ್ತಾರೆ. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುವ ಪ್ರಸಂಗ ಈ ಕಾವ್ಯದ ಪ್ರಸಿದ್ಧ ಭಾಗ. ಕಬ್ಬಿಣವನ್ನು ಬೇಡುವ ಕಥೆಯನ್ನು ಲೋಹದ ತಂತಿಯ ನಾದದ ಮೇಲೆ ಹಾಡುವುದು ಕುತೂಹಲಕರವೇ. ಆದರೆ ಅದರಿಂದ ಸಿದ್ಧಾಂತವೊಂದನ್ನು ಕಟ್ಟಹೊರಡುವುದು ಅತಿಯಾದೀತು.

ತಂಬೂರಿಯಲ್ಲಿ ಮೆಟ್ಟಿಲುಗಳಿಲ್ಲ. ನುಡಿಸುವಾಗ ತಂತಿಯನ್ನು ಎಲ್ಲಿಯೂ ಒತ್ತುವುದಿಲ್ಲ. ಬೆರಳು ತಾಕಿದಾಗ ಹೊರಡುವ ಸ್ವರ, ಹಾಡು ತೊಡಗುವ ಮೊದಲೇ ನಿರ್ಧಾರವಾಗಿರುತ್ತದೆ. ಹಾಗಾಗಿ ಈ ವಾದ್ಯದ ವಿದ್ಯೆಯಲ್ಲಿ ದೊಡ್ಡ ಪಾಲು ಶ್ರುತಿಗೂಡಿಸುವುದರಲ್ಲಿಯೇ ಇದೆ. ಮೊದಲು ಬಿರಡೆ: ದಂಡಿಯ ತಲೆಯ ಕಡೆಯಿರುವ ಮರದ ಬಿರಡೆಯನ್ನು ತಿರುಗಿಸಿ, ತಂತಿಯನ್ನು ಬೇಕಾದ ಸ್ವರದ ಸಮೀಪಕ್ಕೆ ತರಬೇಕು. ಬಿರಡೆ ಒರಟಾದ ಸಾಧನ. ಕೂದಲೆಳೆಯಷ್ಟು ತಿರುಗಿದರೂ ಸ್ವರ ಗುರಿ ದಾಟಿಬಿಡುತ್ತದೆ. ಉಳಿದ ಅಂತರವನ್ನು ತುಂಬುವುದು ಕುದುರೆಯ ಕೆಳಗೆ ತಂತಿಯಲ್ಲಿ ಪೋಣಿಸಿರುವ ಮಣಿ. ಮಣಿಯನ್ನು ಕುದುರೆಯಿಂದ ದೂರಕ್ಕೆ, ತಂತಿ ಬುರುಡೆಗೆ ಹತ್ತಿರವಾಗುವ ಕಡೆಗೆ ಸರಿಸಿದಂತೆಲ್ಲ ಅದು ಸಂದಿನಲ್ಲಿ ಸಿಕ್ಕಿಕೊಂಡು ತಂತಿಯನ್ನು ಎತ್ತುತ್ತದೆ. ಬಿಗಿ ಹೆಚ್ಚಿ ಸ್ವರ ತುಸು ಏರುತ್ತದೆ. ಕೊನೆಯದಾಗಿ ಕುದುರೆಯ ಮೇಲೆ ತಂತಿಯಡಿ ಸೇರಿಸುವ ನೂಲಿನೆಳೆ, ಅಂದರೆ ಜೀವಾಳ. ಇದರ ಕೆಲಸ ಸ್ವರವನ್ನು ಏರಿಸುವುದಲ್ಲ, ನಾದಕ್ಕೆ ಝೇಂಕಾರ ಕೊಡುವುದು. ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ. ಮಣಿಯನ್ನು ಮೊದಲೇ ಕೊನೆಯವರೆಗೆ ಸರಿಸಿಬಿಟ್ಟರೆ ಮುಂದೆ ಸ್ವರ ಇಳಿದಾಗ ಏರಿಸಲು ಎಡೆಯೇ ಉಳಿಯುವುದಿಲ್ಲ.

ಇರುಳಿಡೀ ನಡೆಯುವ ಗಾಯನದಲ್ಲಿ ಸ್ವರ ಇಳಿಯುವುದು ಸಹಜ. ಒಣಹವೆಯಲ್ಲಿ ಬಿರಡೆ ಕುಗ್ಗಿ ಜಾರುತ್ತದೆ, ಅದಕ್ಕೆ ಸೀಮೆಸುಣ್ಣದ ಪುಡಿ ಸವರುವುದು ಎಲ್ಲ ತಂಬೂರಿಗಳಿಗೂ ಸಲ್ಲುವ ಹಳೆಯ ಉಪಾಯ. ಮಳೆಗಾಲದಲ್ಲಿ ಅದೇ ಬಿರಡೆ ಉಬ್ಬಿ ಅಲುಗದಂತಾಗುತ್ತದೆ. ಕಾಡಂಚಿನ ಹೆಗ್ಗಡದೇವನಕೋಟೆಯ ತೇವಕ್ಕೂ ಕಾವೇರಿ ದಂಡೆಯ ಬೇಸಗೆಗೂ ಒಂದೇ ವಾದ್ಯ ಒಂದೇ ರೀತಿ ವರ್ತಿಸಲಾರದು.

ಭೌತವಿಜ್ಞಾನದ ಲೆಕ್ಕ ಈ ಸೂಕ್ಷ್ಮವನ್ನು ಸ್ಪಷ್ಟಪಡಿಸುತ್ತದೆ. ತಂತಿಯ ಕಂಪನಸಂಖ್ಯೆ ಬಿಗಿಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಸ್ವರವನ್ನು ಅರ್ಧ ಮೆಟ್ಟಿಲು ಏರಿಸಲು ಬಿಗಿಯನ್ನು ಸುಮಾರು ಶೇ. 12ರಷ್ಟು, ಪೂರ್ಣ ಮೆಟ್ಟಿಲು ಏರಿಸಲು ಸುಮಾರು ಶೇ. 26ರಷ್ಟು ಹೆಚ್ಚಿಸಬೇಕು, ಷಡ್ಜದಿಂದ ತಾರಷಡ್ಜಕ್ಕೆ ಹೋಗಲು ಬಿಗಿ ನಾಲ್ಕು ಪಟ್ಟಾಗಬೇಕು. ಅಷ್ಟರೊಳಗೆ ತಂತಿ ಹರಿದೀತು.

ಇದೇ ಕಾರಣಕ್ಕೆ ರಾಗವನ್ನು ನುಡಿಸುವ ವಾದ್ಯಗಳು ಬಹುಮಟ್ಟಿಗೆ ಬಿಗಿಯನ್ನು ಬಿಟ್ಟು ಉದ್ದವನ್ನು ಆಶ್ರಯಿಸಿದವು. ಕಿನ್ನರಿ ಜೋಗಿಗಳ ಕಿನ್ನರಿಯಲ್ಲಿ ಸೋರೆಬುರುಡೆಗಳ ಮೇಲಿನ ದಂಡಿಗೆ ಮೆಟ್ಟಿಲುಗಳಿವೆ. ಬೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಸರಿದಂತೆ ನುಡಿಯುವ ತಂತಿಯ ಉದ್ದ ಬದಲಾಗುತ್ತದೆ. 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ ಕಿನ್ನರಿಯನ್ನು ವರ್ಣಿಸಿದೆ. ವೀಣೆ ಶೇಷಣ್ಣನವರಿಂದ (1852–1926) ಖ್ಯಾತವಾದ ಮೈಸೂರಿನ ವೀಣೆಯಲ್ಲಿ ಎರಡು ತತ್ತ್ವಗಳೂ ಕೂಡಿವೆ: ಮೆಟ್ಟಿಲು ಉದ್ದವನ್ನು ನಿರ್ಧರಿಸಿದರೆ, ಅದೇ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಲಾಗಿ ಎಳೆದು ಬಿಗಿ ಹೆಚ್ಚಿಸುವ ಬೆರಳು ಮೇಲಿನ ಸ್ವರಗಳನ್ನು ಹೊರಡಿಸುತ್ತದೆ. ಗಮಕದ ಬಹುಭಾಗ ಈ ಎಳೆತದ ಫಲ.

ನುಡಿಸುತ್ತಿರುವಾಗಲೇ ಬಿಗಿಯನ್ನು ಬದಲಿಸುವುದನ್ನೇ ಮುಖ್ಯ ತತ್ತ್ವವಾಗಿಸಿಕೊಂಡ ಜನಪದ ವಾದ್ಯಕ್ಕೆ ಮೈಸೂರು ಸೀಮೆಯಿಂದ ಉತ್ತರಕ್ಕೆ, ಸವದತ್ತಿ ಎಲ್ಲಮ್ಮನ ಪರಂಪರೆಯ ಕಡೆಗೆ ನೋಡಬೇಕು. ಜೋಗತಿಯರ ಚೌಡಿಕೆಯಲ್ಲಿ ಕೊಳವೆಯಾಕಾರದ ಒಡಲಿನ ಒಂದು ಬದಿಗೆ ಚರ್ಮ ಬಿಗಿದಿರುತ್ತದೆ. ಚರ್ಮದ ನಡುವಿನಿಂದ ಹೊರಟ ತಂತಿಯ ತುದಿಯನ್ನು ಎಡಗೈ ಹಿಡಿದಿರುತ್ತದೆ, ಒಡಲು ಕಂಕುಳಲ್ಲಿರುತ್ತದೆ, ಬಲಗೈ ಮೀಟುತ್ತದೆ. ಎಡಗೈ ಎಳೆದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಜೊತೆಗೆ ನುಡಿಯುವ ಏಕತಂತಿಯ ವಾದ್ಯಕ್ಕೆ ‘ಶ್ರುತಿ’ ಎಂದೇ ಹೆಸರು. ಏರಿಳಿಯುವ ಒಂದು ತಂತಿ, ಅಚಲವಾಗಿ ನಿಂತ ಮತ್ತೊಂದು ತಂತಿ: ಎರಡನೆಯದು ನೀಲಗಾರರ ತಂಬೂರಿಯ ಕೆಲಸವನ್ನೇ ಮಾಡುತ್ತದೆ.

ಈ ತತ್ತ್ವದ ಯಾಂತ್ರಿಕ ರೂಪವನ್ನು ಅಮೆರಿಕದ ಪೆಡಲ್ ಸ್ಟೀಲ್ ಗಿಟಾರಿನಲ್ಲಿ ಕಾಣಬಹುದು. 19ನೆಯ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ರೂಢಿಗೆ ಬಂದ ಸ್ಟೀಲ್ ಗಿಟಾರ್, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ವಾದ್ಯ. ನಮ್ಮ ಗೋಟುವಾದ್ಯದ ಸಮೀಪದ್ದು. ಅದಕ್ಕೆ ಕಾಲಿನ ಪೆಡಲುಗಳು ಸೇರಿದ ಮೇಲೆ, ನಾದ ಹೊರಡುತ್ತಿರುವಾಗಲೇ ಆಯ್ದ ತಂತಿಗಳನ್ನು ಮಾತ್ರ ಬಿಗಿಯುವುದು ಸಾಧ್ಯವಾಯಿತು. 1954ರಲ್ಲಿ ಬಿಡುಗಡೆಯಾದ ವೆಬ್ ಪಿಯರ್ಸ್‌ನ ‘ಸ್ಲೋಲಿ’ ಧ್ವನಿಮುದ್ರಿಕೆಯಲ್ಲಿ ಬಡ್ ಐಸಾಕ್ಸ್ ನುಡಿಸಿದ ಈ ಬಗೆ ಪ್ರಸಿದ್ಧವಾಯಿತು. ಮುಂದೆ ಮಂಡಿಯಿಂದ ಒತ್ತುವ ಸನ್ನೆಕೋಲುಗಳೂ ಬಂದವು. ಹತ್ತು ತಂತಿಗಳ ರೂಢಿಯ ವಾದ್ಯದಲ್ಲಿ ಒಂದು ಮಂಡಿ-ಸನ್ನೆ 4 ಮತ್ತು 8ನೆಯ ತಂತಿಗಳನ್ನು ‘ಇ’ ಸ್ವರದಿಂದ ‘ಎಫ್’ಗೆ ಅರ್ಧ ಮೆಟ್ಟಿಲು ಏರಿಸುತ್ತದೆ, ಅದೇ 4ನೆಯ ತಂತಿಯನ್ನು ಒಂದು ಪೆಡಲು ಪೂರ್ಣ ಮೆಟ್ಟಿಲು ಏರಿಸುತ್ತದೆ. ಪ್ರತಿಯೊಂದು ಏರಿಕೆಗೂ ವಾದ್ಯದ ಕೊನೆಯಲ್ಲಿ ಪ್ರತ್ಯೇಕ ತಿರುಪಿದೆ.

ಇಲ್ಲಿಯೂ ಕ್ರಮವೇ ಮುಖ್ಯ. ಸನ್ನೆಯನ್ನು ಮುಟ್ಟದೆ ಬಿಟ್ಟ ಸ್ವರವನ್ನು ಮೊದಲು ಬಿರಡೆಯಿಂದ ಕೂಡಿಸಬೇಕು; ಅನಂತರ ಸನ್ನೆಯನ್ನು ತಡೆಯವರೆಗೆ ಪೂರ್ತಿ ಒತ್ತಿಹಿಡಿದು, ಏರಿದ ಸ್ವರವನ್ನು ತಿರುಪಿನಿಂದ ಸರಿಪಡಿಸಬೇಕು. ತಿರುಪನ್ನು ಅತಿಯಾಗಿ ಬಿಗಿದರೆ ಸನ್ನೆ ಬಿಟ್ಟ ಮೇಲೂ ತಂತಿ ಮೊದಲಿನ ಸ್ಥಿತಿಗೆ ಮರಳದೆ ಬಿಟ್ಟ ಸ್ವರವೇ ಏರಿ ನಿಲ್ಲುತ್ತದೆ. ಸನ್ನೆಯ ಚಲನೆ ಸಾಲದಿದ್ದರೆ ತಿರುಪು ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಆಗ ತಡೆಯನ್ನೇ ಹಿಂದಕ್ಕೆ ಸರಿಸಬೇಕು. ಬಿರಡೆ ಮೊದಲು, ಮಣಿ ಅನಂತರ ಎಂಬ ತಂಬೂರಿಯ ನಿಯಮಕ್ಕೂ ಇದಕ್ಕೂ ಇರುವ ಸಾದೃಶ್ಯ ಪ್ರಭಾವದಿಂದ ಬಂದುದಲ್ಲ. ಬಿಗಿದ ತಂತಿಯ ಸ್ವಭಾವವೇ ಇಬ್ಬರಿಗೂ ಅದನ್ನು ಕಲಿಸಿದೆ. ವ್ಯತ್ಯಾಸವೂ ಗಣನೀಯ. ಅಲ್ಲಿ ಸ್ವರ ಎಲ್ಲಿ ನಿಲ್ಲಬೇಕೆಂಬುದನ್ನು ಲೋಹದ ತಡೆ ಹೇಳುತ್ತದೆ; ಚೌಡಿಕೆಯಲ್ಲಿ ತೋಳು ಮತ್ತು ಕಿವಿ ಹೇಳಬೇಕು.

ಅಮೆರಿಕದ ವಾದ್ಯಕ್ಕೆ ಅಚ್ಚಾದ ಕೈಪಿಡಿಗಳಿವೆ. ನೀಲಗಾರರ ಶ್ರುತಿವಿದ್ಯೆ ಗುರುವಿನ ಪಕ್ಕದಲ್ಲಿ ಕುಳಿತವನಿಗಷ್ಟೇ ದಕ್ಕುವಂಥದು. ಬೆಂಗಳೂರಿನಲ್ಲಿಯೇ ರೂಪುಗೊಂಡ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಈ ಅಗತ್ಯವನ್ನು ಗುಂಡಿಯೊಂದರ ತಿರುವಿಗೆ ಇಳಿಸಿದೆ. ಅದನ್ನು ದೂರುವುದು ವಿದ್ವಾಂಸರಿಗೆ ಸುಲಭ. ಧ್ವನಿವರ್ಧಕದ ಮುಂದೆ ರಾತ್ರಿಯಿಡೀ ಹಾಡಬೇಕಾದ ಗಾಯಕನಿಗೆ ಅದು ನಿಜವಾದ ಅನುಕೂಲ. ಆದರೆ ವಸ್ತುಸಂಗ್ರಹಾಲಯ ಈ ನಷ್ಟವನ್ನು ತುಂಬಿಕೊಡಲಾರದು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯದಂತಹ ಅಮೂಲ್ಯ ಸಂಗ್ರಹವೂ ವಾದ್ಯದ ಆಕಾರವನ್ನು ಕಾಪಾಡಬಲ್ಲುದೇ ಹೊರತು ತಂತಿಯ ಬಿಗಿಯನ್ನಲ್ಲ.

ಹಳೆಯ ಧ್ವನಿಸುರುಳಿಗಳನ್ನು ನೆಚ್ಚೋಣವೆಂದರೆ ಅಲ್ಲಿಯೂ ತೊಡಕಿದೆ. ಸುರುಳಿ ಶೇ. 6ರಷ್ಟು ವೇಗವಾಗಿ ಓಡಿದರೆ ಇಡೀ ಹಾಡು ಅರ್ಧ ಮೆಟ್ಟಿಲು ಏರಿ ಕೇಳಿಸುತ್ತದೆ. ಬ್ಯಾಟರಿ ಸೊರಗಿದಾಗ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಆಗುವುದೂ ಇದೇ. ಧ್ವನಿಮುದ್ರಣದ ಆರಂಭದಲ್ಲಿ 440 ಹರ್ಟ್ಸ್‌ನ ಶ್ರುತಿಕವೆಯೊಂದನ್ನು ಮೀಟಿ ದಾಖಲಿಸಿದ್ದರೆ ಗಾಯಕನ ಷಡ್ಜ ಎಲ್ಲಿತ್ತೆಂಬುದನ್ನು ಇಂದು ಕೂಡ ಅಳೆಯಬಹುದು. ಕಪ್ಪಡಿಯ ಮುಂದಿನ ಜಾತ್ರೆಯಲ್ಲಿ ಧ್ವನಿಮುದ್ರಣಕ್ಕೆ ಹೋಗುವವರು ಹಾಡು ತೊಡಗುವ ಮುನ್ನ ಬಿರಡೆ ತಿರುಗುವ, ಮಣಿ ಸರಿಯುವ ಆ ಕಾಲವನ್ನೂ ಮುದ್ರಿಸಿಕೊಂಡರೆ, ಪಠ್ಯಸಂಪಾದನೆಯಲ್ಲಿ ಇದುವರೆಗೆ ಸೇರದ ಒಂದು ಭಾಗ ದೊರೆತಂತಾಗುತ್ತದೆ.