ಕಾರಿನ ಡಿಕ್ಕಿಯಲ್ಲಿ ಸಲಿಕೆ ಇದೆಯಾ?

2022ರ ಜನವರಿ 7ರ ರಾತ್ರಿ. ಪಾಕಿಸ್ತಾನದ ಮರ್ರಿ ಗಿರಿಧಾಮ. ಇಸ್ಲಾಮಾಬಾದ್‌ನಿಂದ ಕಾರಲ್ಲಿ ಹೆಚ್ಚೆಂದರೆ ಎರಡು ಗಂಟೆ ದಾರಿ. ಹಿಮ ಬೀಳ್ತಿದೆ ಅಂತ ಸುದ್ದಿಯಾದದ್ದೇ ತಡ, ಜನ ಮಕ್ಕಳುಮರಿ ಕಟ್ಟಿಕೊಂಡು ಹೊರಟುಬಿಟ್ಟರು. ರಾತ್ರಿ ಹಿಮಪಾತ ಜೋರಾಯ್ತು, ಮರಗಳು ಉರುಳಿದವು, ಸಾವಿರದಷ್ಟು ವಾಹನಗಳು ನಿಂತಲ್ಲೇ ನಿಂತವು. ಬೆಳಗಾಗುವಷ್ಟರಲ್ಲಿ 20ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟಿದ್ದರು. ಅವರಲ್ಲಿ 10 ಮಂದಿ ಮಕ್ಕಳು.

ಯಾವ ಕಾರೂ ಪ್ರಪಾತಕ್ಕೆ ಉರುಳಿರಲಿಲ್ಲ. ಬ್ರೇಕ್ ಕೈಕೊಟ್ಟಿರಲಿಲ್ಲ. ಕಾರುಗಳು ನಿಂತೇ ಇದ್ದವು, ಒಳಗೆ ಕೂತವರು ಸತ್ತರು. ಹೇಗೆ? ಅದಕ್ಕೆ ಆಮೇಲೆ ಬರ್ತೀನಿ.

ಪಾಕಿಸ್ತಾನದ ಕಥೆ ನಮಗ್ಯಾಕೆ ಅಂತೀರಾ? 2020ರ ಅಕ್ಟೋಬರ್ 3ರಂದು ಮನಾಲಿಯ ಆಚೆ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆಯಿತು. ಅಲ್ಲಿಯವರೆಗೆ ಚಳಿಗಾಲ ಬಂತೆಂದರೆ ರೋಹ್ತಾಂಗ್ ಕಣಿವೆ ತಿಂಗಳುಗಟ್ಟಲೆ ಬಂದ್. ಬೆಟ್ಟ ತಾನಾಗೇ ಬಾಗಿಲು ಹಾಕಿಕೊಂಡು ನಮ್ಮನ್ನು ಕಾಪಾಡ್ತಿತ್ತು. ಈಗ ಬಾಗಿಲು ತೆರೆದಿದೆ. ಬೆಂಗಳೂರಿಂದ, ಹುಬ್ಬಳ್ಳಿಯಿಂದ ಹೊರಟ ಕಾರು ಡಿಸೆಂಬರ್‌ನಲ್ಲೂ 10,000 ಅಡಿ ಎತ್ತರ ಮುಟ್ಟಬಹುದು. 2024ರ ಡಿಸೆಂಬರ್‌ನಲ್ಲಿ ಇದೇ ಸುರಂಗಕ್ಕೂ ಸೋಲಂಗ್‌ಗೂ ನಡುವೆ ಸಾವಿರದಷ್ಟು ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡವು. ಪೊಲೀಸರು ಪ್ರವಾಸಿಗರನ್ನು ಬಿಡಿಸಿ ತಂದರು. ಮರ್ರಿಗೂ ಮನಾಲಿಗೂ ನಡುವೆ ಗಡಿ ಇದೆ ನಿಜ, ಆದರೆ ಹಿಮಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.

ಹಾಗಾಗಿ ಇತಿಹಾಸಕ್ಕೆ ಸ್ವಲ್ಪ ಹಿಂದೆ ಹೋಗೋಣ. ಕಾರು ಹುಟ್ಟಿದಾಗ ಅದು ಬೇಸಿಗೆಯ ಪ್ರಾಣಿ. ಚಳಿದೇಶಗಳಲ್ಲಿ ಎಷ್ಟೋ ಮಾಲೀಕರು ಹಿಮ ಶುರುವಾದೊಡನೆ ಕಾರನ್ನು ಷೆಡ್ಡಿಗೆ ತಳ್ಳಿ, ವಸಂತದಲ್ಲಿ ಹೊರಗೆ ತೆಗೀತಿದ್ದರು. ಮುಖ್ಯ ಕಾರಣ ಬರೀ ನೀರು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನ ಒಳಗಿದ್ದ ನೀರು ರಾತ್ರಿ ಮಂಜುಗಡ್ಡೆಯಾದರೆ ಎರಕದ ಕಬ್ಬಿಣವೇ ಬಿರುಕು ಬಿಡುತ್ತದೆ. ಓಡಿಸಲೇಬೇಕಾದವರು ರಾತ್ರಿ ರೇಡಿಯೇಟರ್ ನೀರು ಬಸಿದು, ಬೆಳಗ್ಗೆ ಬಿಸಿನೀರು ಹುಯ್ದು ಗಾಡಿ ತೆಗೀಬೇಕಿತ್ತು. ಕೆಲವರು ಆಲ್ಕೋಹಾಲ್ ಬೆರೆಸಿದರು. ಎಂಜಿನ್ ಬಿಸಿಯಾದಂತೆ ಅದು ಆವಿಯಾಗಿ ಹೋಗ್ತಿತ್ತು.

ಪರಿಹಾರ 1927ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು: ಎಥಿಲೀನ್ ಗ್ಲೈಕಾಲ್. ಪ್ರೆಸ್ಟೋನ್ ಅನ್ನೋ ಹೆಸರಲ್ಲಿ ಮಾರಿದರು. ಇದರಲ್ಲೊಂದು ತಮಾಷೆ ಇದೆ ನೋಡಿ. ನೀರು ಮತ್ತು ಗ್ಲೈಕಾಲನ್ನು ಅರ್ಧರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟಲ್ಲ. ಜಾಸ್ತಿ ಇದ್ದರೆ ಇನ್ನೂ ಒಳ್ಳೇದಲ್ವಾ ಅಂತ ಬರೀ ಗ್ಲೈಕಾಲ್ ತುಂಬಿದರೆ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ! ಇನ್ನು ನಮ್ಮ ಕಡೆ? ಕೂಲೆಂಟ್ ಕಡಿಮೆಯಾಯ್ತಾ, ಒಂದು ಬಾಟಲಿ ನಲ್ಲಿ ನೀರು ಹುಯ್ದು ಮುಂದೆ ಹೋಗ್ತೀವಿ. ಬಯಲುಸೀಮೆಯಲ್ಲಿ ಅದು ನಡೆಯುತ್ತೆ. ಲಾಹೌಲ್‌ನ ಜನವರಿಯಲ್ಲಿ ನಡೆಯಲ್ಲ.

ಎರಡನೇ ಸಮಸ್ಯೆ ಹಿಡಿತದ್ದು. ಕೆಸರಲ್ಲಿ, ಹಿಮದಲ್ಲಿ ಚಕ್ರ ಜಾರದಿರಲಿ ಅಂತ ಅಮೆರಿಕದ ಚಾಲಕರು ಟೈರಿಗೆ ಹಗ್ಗ ಸುತ್ತುತ್ತಿದ್ದರು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಹಗ್ಗದ ಜಾಗಕ್ಕೆ ಸರಪಳಿ ತಂದು, 1904ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ಮನಾಲಿಯಲ್ಲಿ ಟ್ಯಾಕ್ಸಿಯವರು ಕಟ್ಟೋದು ಅದೇ ಸರಪಳಿ. 1934ರಲ್ಲಿ ಫಿನ್ಲೆಂಡಿನವರು ಹಿಮಕ್ಕೆಂದೇ ಟೈರ್ ಮಾಡಿದರು. ನಮ್ಮ ಮಾಮೂಲಿ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗಿ ರಸ್ತೆಯನ್ನು ಅಪ್ಪಿಕೊಳ್ಳೋದನ್ನ ಬಿಡುತ್ತದೆ. ನಂದು ಫೋರ್ ವೀಲ್ ಡ್ರೈವ್, ನನಗೇನೂ ಆಗಲ್ಲ ಅನ್ನೋ ಧೈರ್ಯಶಾಲಿಗಳಿಗೊಂದು ಮಾತು. ನಾಲ್ಕೂ ಚಕ್ರಕ್ಕೆ ಶಕ್ತಿ ಹರಿದರೆ ಗಾಡಿ ಹೊರಡೋದು ಸುಲಭ. ಬ್ರೇಕ್ ಹಾಕಿದಾಗ ಅದು ಉಳಿದ ಕಾರುಗಳಷ್ಟೇ ಜಾರುತ್ತದೆ.

ಮೂರನೆಯದು ಡೀಸೆಲ್. ಅದರಲ್ಲಿ ಮೇಣದ ಅಂಶ ಇರುತ್ತದೆ. ಚಳಿ ಹೆಚ್ಚಾದಂತೆ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ತುಂಬ ಇಂಧನವಿದ್ದೂ ಎಂಜಿನ್ ಉಪವಾಸ. ಲಡಾಖ್‌ನ ಲಾರಿ ಚಾಲಕರು ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕರಗಿಸ್ತಿದ್ದರು. ಜೀವ ಕೈಯಲ್ಲಿ ಹಿಡಿದು ಮಾಡೋ ಕೆಲಸ ಅದು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಲಡಾಖ್‌ಗೆ ಕೊಟ್ಟಿತು. 2019! ಅಂದರೆ ಸ್ವಾತಂತ್ರ್ಯ ಬಂದು 72 ವರ್ಷ ಆದ ಮೇಲೆ.

ಇಷ್ಟೆಲ್ಲ ಸೌಲಭ್ಯ ಇಲ್ಲದ ಕಾಲದಲ್ಲಿ, ಚಳಿಗಾಲದ ಹೊಸ್ತಿಲಲ್ಲಿ, 11,500 ಅಡಿ ಎತ್ತರದ ಕಣಿವೆಗೆ ಕಾರಲ್ಲ, ಟ್ಯಾಂಕುಗಳನ್ನೇ ಹತ್ತಿಸಿದವರೊಬ್ಬರಿದ್ದರು. ನಮ್ಮ ಮಡಿಕೇರಿಯವರು. ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ.

1948. ಜೋಜಿಲಾ ಕಣಿವೆ ಶತ್ರುಗಳ ಕೈಯಲ್ಲಿತ್ತು. ಲೇಹ್‌ಗೆ ಹೋಗುವ ದಾರಿ ಕಡಿದಿತ್ತು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳ ದಾಳಿ ಫಲಿಸಲಿಲ್ಲ. ಆಗ ತಿಮ್ಮಯ್ಯನವರು 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಕರೆಸಿದರು. ಜಮ್ಮು ಕಡೆಯ ಅಖ್ನೂರಿನಿಂದ ಅವು ಬರಬೇಕಿತ್ತು. ದಾರಿಯ ಸೇತುವೆಗಳು ಭಾರ ತಡೆಯುವಂತಿರಲಿಲ್ಲ. ಹಾಗಾಗಿ ಟ್ಯಾಂಕುಗಳ ತಿರುಗುಗೋಪುರಗಳನ್ನೇ ಬಿಚ್ಚಿ, ಗುಟ್ಟು ಬಿಟ್ಟುಕೊಡದೆ ಸಾಗಿಸಿದರು. ಕಣಿವೆಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕಿದ್ದದ್ದು ಹೇಸರಗತ್ತೆ ಹೋಗುವ ಹಾದಿ. ಅದನ್ನು ಕಡಿದು, ಅಗಲಿಸಿ, ಟ್ಯಾಂಕ್ ಹೋಗುವಂತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನಲ್ಲಿ ಕೇಂದ್ರವಿರುವ ಅದೇ ಮದ್ರಾಸ್ ಎಂಜಿನಿಯರ್ ಗ್ರೂಪ್. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ಹತ್ತಿದವು. ಮುಂದಿನ ಸಾಲಿನ ಟ್ಯಾಂಕೊಂದರಲ್ಲಿ ಖುದ್ದು ತಿಮ್ಮಯ್ಯನವರೇ ಇದ್ದರು. ಆ ಎತ್ತರದಲ್ಲಿ ಟ್ಯಾಂಕ್ ಬರುತ್ತೆ ಅಂತ ಕನಸಲ್ಲೂ ಎಣಿಸದ ಶತ್ರು ಓಡಿದ. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಮರಳಿ ಕೈಸೇರಿದವು.

ನಾವು ಈ ಕಥೆ ಹೇಳುವಾಗ ಟ್ಯಾಂಕು ಗುಡುಗಿದ್ದನ್ನು ಹೇಳ್ತೀವಿ, ಚಪ್ಪಾಳೆ ತಟ್ತೀವಿ. ಕದನ ನಡೆದದ್ದು ಒಂದು ದಿನ. ಅದಕ್ಕೆ ಮುಂಚೆ ವಾರಗಟ್ಟಲೆ ನಡೆದದ್ದು ಬೋಲ್ಟ್ ಬಿಚ್ಚುವ, ಸೇತುವೆಯ ತಾಕತ್ತು ನೋಡುವ, ಬಂಡೆ ಒಡೆಯುವ ಕೆಲಸ. ಜೋಜಿಲಾವನ್ನು ಗೆದ್ದದ್ದು ಬಾಲ್ತಾಲ್‌ನಲ್ಲಿ. ಬೆಟ್ಟದ ಮೇಲಿನ ಗೆಲುವು ಬೆಟ್ಟದ ಬುಡದಲ್ಲೇ ತೀರ್ಮಾನವಾಗಿರುತ್ತದೆ.

ಈಗ ಮರ್ರಿಗೆ ವಾಪಸ್ ಬರೋಣ. ಚಳಿ ತಡೆಯೋಕಾಗದೆ ಜನ ಕಿಟಕಿ ಏರಿಸಿ, ಎಂಜಿನ್ ಚಾಲೂ ಇಟ್ಟು, ಹೀಟರ್ ಹಾಕಿಕೊಂಡು ಮಲಗಿದರು. ಹೊರಗೆ ಹಿಮ ಏರುತ್ತಾ ಏರುತ್ತಾ ಸೈಲೆನ್ಸರ್ ಪೈಪಿನ ಬಾಯಿ ಮುಚ್ಚಿದರೆ ಏನಾಗುತ್ತೆ? ಹೊಗೆ ಹೊರಗೆ ಹೋಗಲಾರದೆ ಕಾರಿನ ಅಡಿಯಿಂದ ಒಳಕ್ಕೆ ನುಸುಳುತ್ತದೆ. ಅದರಲ್ಲಿರೋದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ನಿದ್ದೆ. ಎಚ್ಚರ ಆಗೋದೇ ಇಲ್ಲ. ಮರ್ರಿಯಲ್ಲಿ ಕೆಲವರನ್ನು ಚಳಿ ಕೊಂದರೆ, ಇನ್ನು ಕೆಲವರ ಸಾವಿಗೆ ಈ ವಿಷಾನಿಲವೇ ಕಾರಣ ಅಂತ ಅಲ್ಲಿನ ಅಧಿಕಾರಿಗಳು ಹೇಳಿದರು.

ಇದನ್ನು ತಡೆಯೋಕೆ ಬೇಕಿದ್ದದ್ದು ಕೋಟಿ ರೂಪಾಯಿ ಕಾರಲ್ಲ. ಹಿಮ ಎಳೆಯೋಕೆ ಒಂದು ಸಲಿಕೆ. ಕಿಟಕಿಯಲ್ಲಿ ಎರಡು ಬೆರಳಷ್ಟು ಸಂದಿ. ಎಂಜಿನ್ ಹಾಕೋ ಮುಂಚೆ ಪ್ರತಿ ಸಲ ಇಳಿದು ಪೈಪಿನ ಸುತ್ತ ಹಿಮ ತೆಗೆಯೋದು, ಹತ್ತು ನಿಮಿಷ ಬಿಸಿ ಮಾಡಿಕೊಂಡು ಆರಿಸೋದು. ಮತ್ತೆ ಎಂಜಿನ್ ಬೇಡದೆ ಬೆಚ್ಚಗಿರಿಸೋ ನಾಲ್ಕು ಕಂಬಳಿ.

ಈ ಡಿಸೆಂಬರ್‌ಗೆ ನೀವು ಹೊರಟಿದ್ದೀರಾ? ಹೋಗಿ ಸ್ವಾಮಿ, ಬೇಡ ಅನ್ನಲ್ಲ. ಕೂಲೆಂಟ್ ಅಳತೆ ನೋಡಿಸಿ. ಬ್ಯಾಟರಿ ಪರೀಕ್ಷೆ ಮಾಡಿಸಿ, ಮೈನಸ್ 18 ಡಿಗ್ರಿಯಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತೆ. ಗಾಜು ತೊಳೆಯೋ ನೀರಿನ ಬದಲು ಹೆಪ್ಪುಗಟ್ಟದ ದ್ರಾವಣ ಹಾಕಿ. ಡೀಸೆಲ್ ಗಾಡಿಯಾದರೆ ಬಯಲಿನ ಡೀಸೆಲ್ಲನ್ನೇ ನಂಬಿಕೊಂಡು ಮೇಲೆ ಹತ್ತಬೇಡಿ, ಅಲ್ಲಿನ ಬಂಕಲ್ಲಿ ಕೇಳಿ ತುಂಬಿಸಿ. ಸರಪಳಿ ಕೊಂಡರೆ ಅದನ್ನು ಕಟ್ಟೋದು ಮನೆ ಮುಂದೆಯೇ ಕಲಿಯಿರಿ, ಮರಗಟ್ಟಿದ ಬೆರಳಲ್ಲಿ ಕಲಿಯೋಕಾಗಲ್ಲ. ಮತ್ತೆ, ಮುಂದೆ ದಾರಿ ಚೆನ್ನಾಗಿಲ್ಲ ಅಂತ ಪೊಲೀಸಿನವನೋ ಟ್ಯಾಕ್ಸಿಯವನೋ ಹೇಳಿದರೆ ಗಾಡಿ ತಿರುಗಿಸಿ. ರೀಲ್ಸ್ ಇನ್ನೊಂದು ವರ್ಷ ಮಾಡಬಹುದು.

ತಿಮ್ಮಯ್ಯನವರ ಎದುರು ಶತ್ರು ಇದ್ದ, ಹಿಂದೆ ದೇಶ ಇತ್ತು. ಅಂಥವರೇ ದಾರಿ ಸಿದ್ಧವಾಗೋವರೆಗೆ ಕಾದರು. ನಮ್ಮ ಹಿಂದಿನ ಸೀಟಲ್ಲಿ ಇರೋದು ಮಕ್ಕಳು. ನಮಗೇನು ಅವಸರ?