ಮೊಹಲ್ಲಾ ಸಭೆಗೆ ಜನ ಏಕೆ ಬಂದರು?

ವಾರ್ಡ್ ಸಭೆಗಳ ಮಾತೆತ್ತಿದಾಗಲೆಲ್ಲ ನಮ್ಮ ನಗರಗಳ ಅಧಿಕಾರಿಗಳು ಮತ್ತು ಕಾರ್ಪೊರೇಟರುಗಳು ಹೇಳುವುದು ಒಂದೇ ದೂರು: ಜನ ಬರುವುದಿಲ್ಲ. ನೋಟಿಸು ಅಂಟಿಸಿದ್ದಾಯಿತು, ಶಾಮಿಯಾನ ಹಾಕಿಸಿದ್ದಾಯಿತು, ಬಂದವರು ಏಳೆಂಟು ಮಂದಿ, ಅವರಲ್ಲೂ ಅರ್ಧ ಜನ ಗುತ್ತಿಗೆದಾರರ ಕಡೆಯವರು. ಆದ್ದರಿಂದ ಜನರಿಗೇ ಆಸಕ್ತಿಯಿಲ್ಲ ಎಂಬ ತೀರ್ಮಾನ. ಈ ತೀರ್ಮಾನ ಎಷ್ಟು ಸರಿ ಎಂದು ಪರೀಕ್ಷಿಸಲು ನಾವು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಪಕ್ಕದ ಮಹಾರಾಷ್ಟ್ರದ ಒಂದು ನೇಕಾರರ ಪಟ್ಟಣದಲ್ಲಿ, ಎರಡು ಸಲ ಕೋಮುಗಲಭೆಯಲ್ಲಿ ಬೆಂದುಹೋದ ಊರಿನಲ್ಲಿ, ಒಂದು ಕಾಲದಲ್ಲಿ ಬಡಾವಣೆಯ ಸಭೆಗಳು ನಡೆದವು, ಜನ ಬಂದರು. ಅದೂ ಪೊಲೀಸರು ಕರೆದ ಸಭೆಗೆ. ಆ ಊರು ಭಿವಂಡಿ.

ಅಲ್ಲಿನ ಸಭೆಗಳಿಗೆ ಮೊಹಲ್ಲಾ ಸಮಿತಿ ಎಂಬ ಹೆಸರಿತ್ತು. ಮೊಹಲ್ಲಾ ಎಂಬುದು ಅರಬಿ ಮೂಲದ ಪದ. ಪಯಣಿಗ ತನ್ನ ಗಂಟು ಬಿಚ್ಚಿ ಇಳಿದುಕೊಳ್ಳುವ ತಾಣ ಎಂಬ ಅರ್ಥದಿಂದ ಹುಟ್ಟಿ, ಊರಿನ ಒಂದು ಕೇರಿ ಎಂಬ ಅರ್ಥಕ್ಕೆ ಬಂದು ನಿಂತಿದೆ. ಕನ್ನಡಿಗರಿಗೇನೂ ಅಪರಿಚಿತವಲ್ಲ. ಮೈಸೂರಿನವರು ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ದೇವರಾಜ ಮೊಹಲ್ಲಾ ಎಂದು ಇಂದಿಗೂ ವಿಳಾಸ ಬರೆಯುತ್ತಾರೆ. ದೇವರಾಜನೂ ಮೊಹಲ್ಲಾವೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿರುವುದು ಯಾರಿಗೂ ವಿಚಿತ್ರವೆನಿಸಿಲ್ಲ.

ಭಿವಂಡಿ ಮುಂಬೈಗೆ ಸಮೀಪದಲ್ಲಿ, ಥಾಣೆ ಜಿಲ್ಲೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಉತ್ತರ ಪ್ರದೇಶದ ಮೋಮಿನ್ ನೇಕಾರರು ಇಲ್ಲಿಗೆ ವಲಸೆ ಬಂದರು. ಅವರಿಗಿಂತ ಮೊದಲೇ ಕೊಂಕಣಿ ಮುಸ್ಲಿಮರ ಹಳೆಯ ಮನೆತನಗಳು ಇಲ್ಲಿದ್ದವು. ಮರಾಠಿ ಭಾಷಿಕರು, ತೆಲುಗಿನ ಪದ್ಮಶಾಲಿಗಳು, ನೂಲಿನ ವ್ಯಾಪಾರ ಮಾಡುವ ಗುಜರಾತಿ ಮತ್ತು ಮಾರವಾಡಿಗಳು ಕೂಡಿಕೊಂಡರು. ಕೈಮಗ್ಗ ಹೋಗಿ ಪವರ್‌ಲೂಮ್ ಬಂದ ಮೇಲೆ ಊರು ದೇಶದ ದೊಡ್ಡ ನೇಯ್ಗೆ ಕೇಂದ್ರಗಳಲ್ಲಿ ಒಂದಾಯಿತು. ನೂಲು ಒಬ್ಬನದು, ಮಗ್ಗ ಇನ್ನೊಬ್ಬನದು, ದುಡಿಮೆ ಮೂರನೆಯವನದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬದುಕುವಂತಿರಲಿಲ್ಲ. ವ್ಯಾಪಾರದ ನಂಟೊಂದೇ ಶಾಂತಿ ಕಾಯುತ್ತದೆ ಎಂಬ ಮಾತು ನಿಜವಾಗಿದ್ದರೆ ಭಿವಂಡಿಯಲ್ಲಿ ಗಲಭೆ ಆಗಲೇಬಾರದಿತ್ತು.

ಆದರೆ ಆಯಿತು. 1970ರ ಮೇ 7ರಂದು ಶಿವಾಜಿ ಜಯಂತಿಯ ಮೆರವಣಿಗೆಯ ಹೊತ್ತಿನಲ್ಲಿ ಹೊತ್ತಿಕೊಂಡ ಬೆಂಕಿ ಜಲಗಾಂವ್, ಮಹಾಡ್‌ಗಳಿಗೂ ಹಬ್ಬಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡಿ.ಪಿ. ಮದನ್ ಆಯೋಗ ನೀಡಿದ ವರದಿ, ಕೋಮುಗಲಭೆಗಳ ಬಗ್ಗೆ ನಮ್ಮ ದೇಶದಲ್ಲಿ ಬಂದಿರುವ ಅತ್ಯಂತ ಶ್ರಮದ ವರದಿಗಳಲ್ಲಿ ಒಂದು. ಗಲಭೆಯ ತನಿಖೆಗೆಂದು ರಚಿಸಿದ ಪೊಲೀಸ್ ದಳವೇ ಮುಸ್ಲಿಮರ ವಿರುದ್ಧ ಪಕ್ಷಪಾತದಿಂದ ನಡೆದುಕೊಂಡಿತೆಂದು ಅದು ಮುಚ್ಚುಮರೆಯಿಲ್ಲದೆ ಬರೆಯಿತು. ಹದಿನಾಲ್ಕು ವರ್ಷಗಳ ನಂತರ, 1984ರ ಮೇ ತಿಂಗಳಲ್ಲಿ ಮತ್ತೆ ಅದೇ ಊರು. ಈ ಸಲ ಭಿವಂಡಿ, ಥಾಣೆ, ಮುಂಬೈಗಳಲ್ಲಿ ಸೇರಿ ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು.

ಶಾಂತಿ ಸಮಿತಿ ಎಂಬ ಏರ್ಪಾಡು ನಮಗೆಲ್ಲ ಗೊತ್ತಿರುವುದೇ. ಗಣೇಶ ಚತುರ್ಥಿಗೋ ಈದ್ ಮಿಲಾದಿಗೋ ನಾಲ್ಕು ದಿನ ಮೊದಲು ಠಾಣೆಯಲ್ಲಿ ಸಭೆ. ಎರಡೂ ಕಡೆಯ ಮುಖಂಡರು ಬರುತ್ತಾರೆ. ‘ನಾವೆಲ್ಲ ಅಣ್ಣತಮ್ಮಂದಿರು’ ಎಂಬ ಭಾಷಣವಾಗುತ್ತದೆ, ಚಹಾ ಬಿಸ್ಕತ್ತು ಆಗುತ್ತದೆ, ಫೋಟೋ ತೆಗೆಯಲಾಗುತ್ತದೆ. ಮುಂದಿನ ಹಬ್ಬದವರೆಗೆ ಯಾರೂ ಯಾರ ಮುಖ ನೋಡುವುದಿಲ್ಲ. ಬಂದ ಮುಖಂಡರಲ್ಲಿ ಕೆಲವರಿಗೆ ಉದ್ವಿಗ್ನತೆಯೇ ಬಂಡವಾಳವಾಗಿರುವುದೂ ಉಂಟು. ಕೇರಿಯ ದರ್ಜಿ, ಮೇಷ್ಟ್ರು, ಕಿರಾಣಿ ಅಂಗಡಿಯವನಿಗೆ ಆ ಸಭೆಯಲ್ಲಿ ಜಾಗವಿಲ್ಲ.

1988ರಲ್ಲಿ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಡೆಪ್ಯುಟಿ ಕಮಿಷನರ್ ಆಗಿ ಭಿವಂಡಿಗೆ ಬಂದರು. ಅವರು ಈ ಏರ್ಪಾಡನ್ನು ತಲೆಕೆಳಗು ಮಾಡಿದರು. ಇಡೀ ಊರಿಗೆ ಒಂದು ಸಮಿತಿ ಇರುವ ಬದಲು ಕೇರಿ ಕೇರಿಗೆ ಒಂದರಂತೆ ಸುಮಾರು ಎಪ್ಪತ್ತು ಸಮಿತಿಗಳಾದವು. ಪ್ರತಿಯೊಂದರಲ್ಲೂ ಹಿಂದೂಗಳು ಮತ್ತು ಮುಸ್ಲಿಮರು ಸಮಸಂಖ್ಯೆಯಲ್ಲಿ. ಆ ಪ್ರದೇಶದ ಹೊಣೆ ಹೊತ್ತ ಸಾಮಾನ್ಯ ಪೊಲೀಸ್ ಸಿಬ್ಬಂದಿಗೇ ಸಭೆಯ ಉಸ್ತುವಾರಿ. ಎಲ್ಲಕ್ಕಿಂತ ಮುಖ್ಯವಾದದ್ದು, ಈ ಸಮಿತಿಗಳು ಗಲಾಟೆಯ ಭಯವಿದ್ದಾಗ ಮಾತ್ರ ಸೇರುತ್ತಿರಲಿಲ್ಲ. ಹಬ್ಬವಿರಲಿ ಇಲ್ಲದಿರಲಿ, ಕ್ರಮವಾಗಿ ಸೇರುತ್ತಿದ್ದವು.

ಮದನ್ ವರದಿ ಓದಿದವರಿಗೆ ಇದು ಆಶ್ಚರ್ಯ ಹುಟ್ಟಿಸಬೇಕು. ಪೊಲೀಸರನ್ನು ನಂಬಲು ಕಾರಣವೇ ಇಲ್ಲದ ಜನ ಪೊಲೀಸರ ಸಭೆಗೆ ಯಾಕೆ ಬಂದರು?

ನಮಗೆ ತೋರುವ ಉತ್ತರ ಬಹಳ ಸಣ್ಣದು. ಸಭೆಯಲ್ಲಿ ಮಾತಾಡಿದ್ದು ಕೋಮು ಸೌಹಾರ್ದದ ಬಗ್ಗೆ ಅಲ್ಲವೇ ಅಲ್ಲ ಎಂದರೂ ನಡೆದೀತು. ಮಾತೆಲ್ಲ ಚರಂಡಿಯದು, ನಲ್ಲಿಯದು, ಗಂಡಹೆಂಡಿರ ಜಗಳದ್ದು, ಗೋಡೆ ತಗಾದೆಯದು. ನೆರೆಯವರ ನಡುವೆ ಬೆಳೆದು ಠಾಣೆಯವರೆಗೆ ಹೋಗಿ ಎರಡೂ ಮನೆಗಳ ದುಡ್ಡು ತಿನ್ನುವಂಥ ಕ್ಷುಲ್ಲಕ ವ್ಯಾಜ್ಯಗಳು ಕೇರಿಯಲ್ಲೇ ಬಗೆಹರಿಯತೊಡಗಿದವು. ತನ್ನ ದೂರಿಗೆ ಒಂದು ಫಲ ಕಂಡವನು ಮುಂದಿನ ಸಭೆಗೂ ಬರುತ್ತಾನೆ. ಫಲ ಕಂಡದ್ದನ್ನು ಕೇಳಿದ ಪಕ್ಕದ ಮನೆಯವನೂ ಬರುತ್ತಾನೆ. ಕಾನ್‌ಸ್ಟೆಬಲ್‌ಗೆ ಆ ಕೇರಿಯ ಜನರ ಹೆಸರು ಗೊತ್ತಾಯಿತು, ಜನರಿಗೆ ಅವನ ಹೆಸರು ಗೊತ್ತಾಯಿತು. ಲಾಠಿ ಹಿಡಿದವನಿಗೆ ಹೆಸರಿದ್ದರೆ ಆಗುವ ವ್ಯತ್ಯಾಸವನ್ನು ಗಲಭೆ ಕಂಡವರೇ ಬಲ್ಲರು.

ಸಮಸಂಖ್ಯೆಯ ನಿಯಮವನ್ನೂ ಹಗುರವಾಗಿ ಕಾಣಬಾರದು. ಯಾವ ಸಭೆಯಲ್ಲಿ ತಾನು ಅಲ್ಪಸಂಖ್ಯಾತನೋ ಅಲ್ಲಿ ಮನುಷ್ಯ ಬಾಯಿ ಬಿಡುವುದು ಕಡಿಮೆ. ಬಾಯಿ ಬಿಡದ ಸಭೆಗೆ ಎರಡನೆಯ ಸಲ ಹೋಗುವುದೂ ಇಲ್ಲ. ಹಾಗೆಂದು ಈ ಏರ್ಪಾಡಿನಲ್ಲಿ ಕೊರತೆ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಪೊಲೀಸರು ಆರಿಸಿದ ಸದಸ್ಯರು ಜನಪ್ರತಿನಿಧಿಗಳಾಗುವುದಿಲ್ಲ. ಪೊಲೀಸರೊಂದಿಗೆ ಕೂರುವವನನ್ನು ಕೇರಿ ‘ಖಬ್ರಿ’ ಎಂದು ಸಂಶಯಿಸುವುದೂ ಸಹಜ.

ಪರೀಕ್ಷೆ ಬಂದದ್ದು 1992ರ ಡಿಸೆಂಬರ್‌ನಲ್ಲಿ. ಬಾಬರಿ ಮಸೀದಿ ಉರುಳಿದ ದಿನದಿಂದ ಮುಂಬೈ ಹೊತ್ತಿ ಉರಿಯಿತು. ಡಿಸೆಂಬರ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಮತ್ತೊಮ್ಮೆ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ ಸತ್ತವರು 900 ಮಂದಿ, ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಹತ್ತಿರದಲ್ಲೇ ಇದ್ದ, ಎಲ್ಲರೂ ಮೊದಲು ಉರಿಯುತ್ತದೆಂದುಕೊಂಡಿದ್ದ ಭಿವಂಡಿ ಉರಿಯಲಿಲ್ಲ. ಖೋಪಡೆಯವರು ಆ ವೇಳೆಗೆ ಅಲ್ಲಿಂದ ವರ್ಗವಾಗಿದ್ದರು. ಸಮಿತಿಗಳು ಇದ್ದವು. ವದಂತಿ ಹುಟ್ಟಿದಾಗ ಅದು ನಿಜವೋ ಸುಳ್ಳೋ ಎಂದು ಯಾರನ್ನು ಕೇಳಬೇಕೆಂಬುದು ಎರಡೂ ಕಡೆಯವರಿಗೆ ತಿಳಿದಿತ್ತು. ಮುಂಬೈ ಏಕೆ ಉರಿಯಿತು, ಭಿವಂಡಿ ಏಕೆ ಉರಿಯಲಿಲ್ಲ ಎಂಬ ಬಗ್ಗೆ ಖೋಪಡೆಯವರೇ ಮುಂದೆ ಪುಸ್ತಕ ಬರೆದರು.

ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಅವರು ಹಿಂದೂ-ಮುಸ್ಲಿಂ ಗಲಭೆಗಳ ಕುರಿತು 2002ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಭಿವಂಡಿಯನ್ನು ಚರ್ಚಿಸಿದ್ದಾರೆ. ಅಲಿಗಢದಲ್ಲಿ ಆಗುವ ಗಲಭೆ ಕೋಝಿಕ್ಕೋಡಿನಲ್ಲಿ ಏಕಿಲ್ಲ ಎಂಬುದು ಅವರ ಪ್ರಶ್ನೆ. ಅಕ್ಕಪಕ್ಕ ವಾಸಿಸುವುದು, ಹಬ್ಬಕ್ಕೆ ಸಿಹಿ ಹಂಚುವುದು ಒಳ್ಳೆಯದೇ. ಆದರೆ ದೊಡ್ಡ ನಗರಗಳಲ್ಲಿ ಬಿರುಗಾಳಿ ತಡೆಯಲು ಅದು ಸಾಲದು. ಇಬ್ಬರೂ ಸದಸ್ಯರಾಗಿರುವ ಸಂಘ ಸಂಸ್ಥೆಗಳು ಬೇಕು ಎಂಬುದು ಅವರ ವಾದ. ಭಿವಂಡಿಯ ವಿಶೇಷವೆಂದರೆ ಅಂಥದ್ದೊಂದನ್ನು ಸರ್ಕಾರದ ಒಬ್ಬ ಅಧಿಕಾರಿಯೇ ಕೆಲವೇ ವರ್ಷಗಳಲ್ಲಿ ಕಟ್ಟಿ ತೋರಿಸಿದ್ದು.

ಇದನ್ನು ಕಂಡ ಮುಂಬೈಯಲ್ಲೂ ಗಲಭೆಯ ನಂತರ ಮೊಹಲ್ಲಾ ಸಮಿತಿಗಳಾದವು. ಪೊಲೀಸ್ ಕಮಿಷನರಾಗಿದ್ದ ಸತೀಶ್ ಸಾಹ್ನಿ, ನಿವೃತ್ತ ಅಧಿಕಾರಿ ಜೂಲಿಯೊ ರಿಬೆರೊ, ಸುಶೋಭಾ ಬರ್ವೆ ಮೊದಲಾದವರು ಮುಂದೆ ನಿಂತರು. ಅಲ್ಲಿಯೂ ಅದೇ ಅನುಭವ. ಸೌಹಾರ್ದದ ಉಪದೇಶಕ್ಕಿಂತ ನೀರು, ಕಸ, ಹುಡುಗರ ಕ್ರಿಕೆಟ್ ಪಂದ್ಯಗಳೇ ಜನರನ್ನು ಹತ್ತಿರ ತಂದವು. ಆದರೆ ಅಷ್ಟರಲ್ಲಿ ಒಂದು ನಷ್ಟ ಆಗಿಹೋಗಿತ್ತು. ಹೆದರಿದ ಸಾವಿರಾರು ಮುಸ್ಲಿಂ ಕುಟುಂಬಗಳು ಮಿಶ್ರ ಬಡಾವಣೆಗಳನ್ನು ಬಿಟ್ಟು ಮುಂಬ್ರಾದಂಥ ಕಡೆಗಳಿಗೆ ಹೋಗಿದ್ದವು. ಒಂದೇ ಸಮುದಾಯದವರು ವಾಸಿಸುವ ಕೇರಿಯಲ್ಲಿ ಸಮಸಂಖ್ಯೆಯ ಸಮಿತಿಯನ್ನು ಎಲ್ಲಿಂದ ತರುವುದು?

ಭಿವಂಡಿಯ ಕತೆಗೂ ಒಂದು ಕಹಿ ಅಧ್ಯಾಯವಿದೆ. 2006ರ ಜುಲೈನಲ್ಲಿ ಖಬರಸ್ತಾನದ ಬಳಿಯ ಜಾಗದಲ್ಲಿ ಪೊಲೀಸ್ ಠಾಣೆ ಕಟ್ಟುವ ವಿಚಾರಕ್ಕೆ ಪ್ರತಿಭಟನೆ ನಡೆಯಿತು. ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಗುಂಪು ಇಬ್ಬರು ಪೊಲೀಸರನ್ನು ಕೊಂದಿತು. ಠಾಣೆಯನ್ನು ಎಲ್ಲಿ ಕಟ್ಟಬೇಕು ಎಂಬುದಕ್ಕಿಂತ ಮೊಹಲ್ಲಾ ಸಭೆಗೆ ತಕ್ಕ ವಿಷಯ ಇನ್ನೊಂದಿದೆಯೇ? 1992ರಲ್ಲಿ ಊರನ್ನು ಉಳಿಸಿದ ಏರ್ಪಾಡು 2006ರಲ್ಲಿ ಆ ಒಂದು ಪ್ರಶ್ನೆಯನ್ನು ಬಗೆಹರಿಸಲಿಲ್ಲ. ಸಮಿತಿಗಳಿಗೆ ಕಾನೂನಿನ ಬುಡವಿರಲಿಲ್ಲ. ಒಬ್ಬ ಅಧಿಕಾರಿಯ ಉತ್ಸಾಹದಿಂದ ಹುಟ್ಟಿದ್ದು ಮುಂದಿನ ಅಧಿಕಾರಿಗಳ ಮರ್ಜಿಯಲ್ಲಿ ಬದುಕಬೇಕಿತ್ತು.

ಕಾನೂನಿನ ಬುಡ ಸಿಕ್ಕಿದ್ದು ಬೇರೆಡೆ. ಕಾಕತಾಳೀಯವೆಂದರೆ ಅದೂ 1992ರ ಅದೇ ಡಿಸೆಂಬರ್‌ನಲ್ಲಿ. ಮುಂಬೈಯ ಎರಡು ಗಲಭೆಗಳ ನಡುವಿನ ಬಿಡುವಿನಲ್ಲಿ, 22 ಮತ್ತು 23ನೇ ತಾರೀಕುಗಳಂದು, ಸಂಸತ್ತು ಸಂವಿಧಾನದ 74ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರತಕ್ಕದ್ದು ಎಂದು 243-ಎಸ್ ವಿಧಿ ಹೇಳಿತು. 1993ರ ಜೂನ್ 1ರಿಂದ ತಿದ್ದುಪಡಿ ಜಾರಿಗೆ ಬಂತು.

ಕರ್ನಾಟಕ ತನ್ನ ಪೌರನಿಗಮಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಜಾಗ ಮಾಡಿತು. ಜಾಗ ಕಾಗದದ ಮೇಲೆ. ಬೆಂಗಳೂರಿನಲ್ಲಿ 1999ರಲ್ಲಿ ಹಲವು ವಾರ್ಡುಗಳನ್ನು ಗುಂಪು ಮಾಡಿ ಸಮಿತಿ ರಚಿಸಲಾಯಿತಾದರೂ ಅವು ಬೇರು ಬಿಡಲಿಲ್ಲ. ಮುಂದೆ ನಗರದ ಕಸದ ಸಮಸ್ಯೆ ಹೈಕೋರ್ಟಿನ ಮುಂದೆ ಹೋಗಿ, ನ್ಯಾಯಾಲಯ ಪದೇ ಪದೇ ಗದರಿದ ಮೇಲೆಯೇ 198 ವಾರ್ಡುಗಳ ಸಮಿತಿಗಳಿಗೆ ಜೀವ ಬಂದದ್ದು. ಮಂಗಳೂರಿನಲ್ಲೂ ನಾಗರಿಕರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸಂವಿಧಾನವೇ ಕೊಟ್ಟಿರುವ ಸಭೆಯನ್ನು ಕೋರ್ಟಿನಿಂದ ಕೇಳಿ ಪಡೆಯಬೇಕಾಗಿ ಬಂದ ಜನರ ಬಗ್ಗೆ ‘ಅವರಿಗೆ ಆಸಕ್ತಿಯಿಲ್ಲ’ ಎನ್ನುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ನಿಯಮದ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷ, ಜೊತೆಗೆ ಹತ್ತು ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ನೋಡಲು ಚೆನ್ನಾಗಿದೆ. ಆದರೆ ನಿವಾಸಿಗಳ ಸಂಘ ಇರುವುದು ಎಲ್ಲಿ? ನಿವೇಶನ, ಕಾಂಪೌಂಡು, ಕಾರು ಇರುವ ಬಡಾವಣೆಗಳಲ್ಲಿ. ಗುಜರಿ ಅಂಗಡಿ, ಗ್ಯಾರೇಜು, ಬೀಡಿ ಕಟ್ಟುವ ಮನೆಗಳ ಕೇರಿಯಲ್ಲಿ ಅಂಥ ಸಂಘ ಅಪರೂಪ. ಅಲ್ಲಿರುವುದು ಜಮಾಅತ್ ಕಮಿಟಿ, ದೇವಸ್ಥಾನದ ಕಮಿಟಿ, ಯುವಕ ಸಂಘ. ಮೊದಲೆರಡರಲ್ಲಿ ಒಂದೇ ಸಮುದಾಯ, ಮೂರರಲ್ಲೂ ಬಹುತೇಕ ಗಂಡಸರೇ.

ಬೆಂಗಳೂರಿನಲ್ಲಿ 2018ರ ಕೊನೆಯ ಹೊತ್ತಿಗೆ ಪ್ರತಿ ತಿಂಗಳ ಮೊದಲ ಶನಿವಾರ ವಾರ್ಡ್ ಸಭೆ ನಡೆಯಬೇಕೆಂದು ಪಾಲಿಕೆ ನಿಗದಿಪಡಿಸಿತು. ಭಿವಂಡಿಯಲ್ಲಿ ಫಲ ಕೊಟ್ಟದ್ದು ಇಂಥ ಕ್ರಮಬದ್ಧತೆಯೇ. ಕೆಲವು ವಾರ್ಡುಗಳಲ್ಲಿ ಜನ ಸೇರತೊಡಗಿದರು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರುಗಳ ಜಾಗದಲ್ಲಿ ನೋಡಲ್ ಅಧಿಕಾರಿಗಳು ಕೂತರು. ಐದು ವರ್ಷ ಹೀಗೆಯೇ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯೇ ಇಲ್ಲವಾಗಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು.

ಭಿವಂಡಿಯಲ್ಲಿ ಜನರಿದ್ದರು, ಕಾನೂನಿರಲಿಲ್ಲ. ನಮ್ಮಲ್ಲಿ ಕಾನೂನಿದೆ. ಜನರನ್ನು ಕರೆತರುವುದು ಹೇಗೆಂದು ಕೇಳುವ ವಾರ್ಡಿನ ಹಿರಿಯರಿಗೆ ಆ ಊರಿನ ಎಪ್ಪತ್ತು ಸಮಿತಿಗಳಿಂದ ಹೇಳಬಹುದಾದದ್ದು ಇಷ್ಟು: ಹಿಂದಿನ ಸಭೆಯಲ್ಲಿ ಎದ್ದ ದೂರಿಗೆ ಏನಾಯಿತೆಂಬುದರಿಂದ ಸಭೆ ಶುರುವಾಗಲಿ, ಆಗಿಲ್ಲವಾದರೆ ಏಕಾಗಿಲ್ಲವೆಂದು ಎಂಜಿನಿಯರು ಎಲ್ಲರೆದುರು ಹೇಳಲಿ. ಸಭೆಯನ್ನು ವಾರ್ಡ್ ಕಚೇರಿಯ ಮಹಡಿಯಿಂದ ಇಳಿಸಿ ಶಾಲೆಯ ಅಂಗಳಕ್ಕೆ ತರಲಿ. ಹೊತ್ತನ್ನೂ ನೋಡಿ ಇಡಲಿ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ನಿವೃತ್ತರು ಬರುತ್ತಾರೆ. ಗಾರೆ ಕೆಲಸದವನಿಗೆ ಅದು ಕೂಲಿಯ ಹೊತ್ತು, ಆಟೋದವನಿಗೆ ಬಾಡಿಗೆಯ ಹೊತ್ತು. ವಾರಕ್ಕೆರಡು ದಿನ ಮಾತ್ರ ನೀರು ಬರುವ ಕೇರಿಯಲ್ಲಿ ಆ ಶನಿವಾರವೇ ನೀರಿನ ದಿನವಾದರೆ, ನಲ್ಲಿಯ ಬಗ್ಗೆ ದೂರು ಹೇಳಬೇಕಾದ ಹೆಂಗಸು ಕೊಡ ಹಿಡಿದುಕೊಂಡು ನಲ್ಲಿಯ ಮುಂದೆಯೇ ಇರುತ್ತಾಳೆ.